ಹನ್ನೊಂದು ಸೆಕೆಂಡು

ಕಟಗಿನಹಾಳ ಕ್ರಾಸಿಗೆ ಒಂದು ಬೇವಿನ ಗಿಡ,
ಗಿಡಕ್ಕ ಮೊಳಿ ಹೊಡದ ಟ್ಯೂಶನ್ನಿನ ಬೋರ್ಡು,
ಬೋರ್ಡಿನ ಕೆಳಗ ನಾವು ನಾಕು ಮಂದಿ.
ಬಾಗಲಕೋಟಿ ಬಸ್ಸು ಏಳೂ ನಲವತ್ತಕ್ಕ ಬರತೈತಿ.
ಬರತೈತಿ ಅನ್ನೂದು ಖರೆ,
ನಿಂದರತೈತಿ ಅಂತ ಯಾರಂದ್ರು?

ಟಿಕೀಟು ನಮಗ ಪುಕಟ.
ಆಧಾರ ಕಾರ್ಡು ಕಂಪಾಸ ಪೆಟಿಗ್ಯಾಗ ಐತಿ,
ಕಾರ್ಡು ತೋರಸಬೇಕಂದ್ರ
ಮೊದಲ ಬಾಗಿಲಾ ತೆರೀಬೇಕಲ್ಲ.

ಫೋನು ದಾನೇಶ್ವರಿ ಅವ್ವಂದು.
ಅಂಗನವಾಡಿ ಕೂಸುಗೋಳ ತೂಕ ಬರಿಯಾಕ
ಸರಕಾರ ಕೊಟ್ಟದ್ದು, ಮೂಲಿ ಒಡದೈತಿ.
ಎಂಟಕ್ಕ ಆಕಿ ತಮ್ಮ ಸೈಕಲ್ ಮ್ಯಾಲೆ ಬಂದು
ಅಂಗಿ ಕಿಸೇದಾಗ ಹಾಕ್ಕೊಂಡು ವಾಪಸ್ ಒಯ್ಯತಿದ್ದ.

ಸುಗಲಾ ಅಂದಳು: ಮಾತಾಡೂದು ಬ್ಯಾಡ,
ಹಾಡು ಹಚ್ಚೂದೂ ಬ್ಯಾಡ.
ಬಸ್ಸು ಬರೂದು, ಕೈ ಏಳೂದು,
ಬಸ್ಸು ಹೋಗೂದು, ಧೂಳಾ.
ಹನ್ನೊಂದು ಸೆಕೆಂಡು.
ಕೆಳಗ ಬರಿಯೂದು: ದಿನ ಒಂದು.

ದಿನ ಒಂದಕ್ಕ ಹದಿನಾಕು ಮಂದಿ ನೋಡಿದ್ರು,
ಎಲ್ಲಾರೂ ನಮ್ಮ ಬಳಗನ.
ಹುನಗುಂದದ ಮಾವ ಕೈ ಮುಗಿಯೂ ಚಿತ್ರ ಕಳಿಸಿದ,
ಯಾಕಂತ ಇವತ್ತಿಗೂ ತಿಳೀವಲ್ದು.
ದಿನ ಒಂಬತ್ತು: ನಡಬರಕ ಒಂದು ಆಡು.
ದಿನ ಹದಿನೇಳು: ‘ಹುಡುಗ್ಯಾರಿಗ್ಯಾಕ ಫೋನು’ ಅಂತ ಬರದಾಂವ
ನಮ್ಮ ಓಣಿ ಹುಡುಗನ, ಹೆಸರಷ್ಟ ಬ್ಯಾರೆ.

ದಿನ ಇಪ್ಪತ್ತೆರಡು. ಪರೀಕ್ಷಾ.
ತಸ್ಲೀಮಾ ಬಸ್ಸಿನ ಹಿಂದ ಓಡಿದಳು.
ದಾನೇಶ್ವರಿ ಕೈ ನಡಗಿ ಫೋನು ಆಕಿ ಬೆನ್ನು ಹತ್ತಲಿಲ್ಲ,
ಡಾಂಬರಿನ ಮ್ಯಾಲೆ ಉಳದ
ಒಂಟಿ ಚಪ್ಪಲಿ ನೋಡಕೋತ ನಿಂತತು.

ಆ ಚಪ್ಪಲಿ ರಾತ್ರಿಯೊಳಗ ಎರಡು ಲಕ್ಷ ಮಂದಿ ಮನಿ ಹೊಕ್ಕತು.
ಬೆಳಗಾವ್ಯಾಗ ಯಾವನೋ ಅದನ್ನ ನಿಧಾನ ಮಾಡಿ,
ಅಳೂ ಸಂಗೀತ ಹಚ್ಚಿ,
ಡ್ರೈವರನ ಮಾರಿ ಸುತ್ತ ಕೆಂಪ ಗೆರಿ ಎಳದ.
ಇವನ ಮನಿ ಹುಡುಕ್ರಿ, ಅಂದ್ರು.
ಒದೀರಿ, ಅಂದ್ರು.
ಎರಡರತನಕ ಓದಿದಿವಿ, ಒಂದ ಚಾದರದೊಳಗ.
ಸುಳ್ಳ ಹೇಳೂದಿಲ್ಲ,
ಎದಿ ಉಬ್ಬಿತ್ತು.

ಮೂರು ದಿನಕ್ಕ ಅವನ್ನ ಕೆಲಸದಿಂದ ನಿಲ್ಲಿಸಿದ್ರು.
ಹೆಸರು ಯಮನೂರಪ್ಪ ಅಂತ ಪೇಪರಿನ್ಯಾಗ ಗೊತ್ತಾತು.
ಸಂಜೀಕ ಒಂದು ಮೆಸೇಜು:
‘ನಾನೂ ಪಿಯುಸಿ ಸೆಕೆಂಡ್ ಇಯರ.
ನಮ್ಮಪ್ಪ ಉಂಡಿಲ್ಲ.
ಅಕ್ಕಾರ, ನೀವು ಒಮ್ಮ್ಯಾರ
ಬಸ್ಸಿನ ಒಳಗ ನೋಡೀರೇನು?’

ನೋಡಿದ್ದಿಲ್ಲ.
ನೋಡೂದ್ಹ್ಯಾಂಗ, ಹತ್ತಿದ್ರ ತಾನ?

ಮರುದಿನ ನಸಿಕಿನ್ಯಾಗ ಎದ್ದು ಎರಡು ಮೈಲಿ ಹಿಂದಕ್ಕ ನಡದು
ಮೊದಲಿನ ಊರಾಗ ಹತ್ತಿದಿವಿ.
ಒಂಟಿಗಾಲು. ಯಾರದೋ ಟಿಫಿನ್ ಡಬ್ಬಿ ಪಕ್ಕಿಗೆ ಚುಚ್ಚತೈತಿ,
ಯಾರದೋ ಕೂಸು ನನ್ನ ಜಡಿ ಚೀಪತೈತಿ.
ತಸ್ಲೀಮಾ ಎಣಿಸಿದಳು: ನೂರಾ ಮೂರು ತಲಿ,
ಒಂದು ಹುಂಜ.
ಸ್ಟೇರಿಂಗಿಗೆ ಹೊಸಾ ಡ್ರೈವರ.

ನಮ್ಮ ಕ್ರಾಸು ಬಂತು.
ಬೇವಿನ ಗಿಡದ ಕೆಳಗ ಕಾಶವ್ವ ಆಯಿ,
ಗುಳೇದಗುಡ್ಡದ ಖಣದ ಗಂಟು ಬಗಲಾಗ ಇಟಗೊಂಡು
ಕೈ ಎತ್ತಿದಳು.
ಬಸ್ಸು ನಿಂದರಲಿಲ್ಲ.
ನಾವೂ ನಿಂದರಸ್ರಿ ಅನ್ನಲಿಲ್ಲ.

ಆ ಹನ್ನೊಂದು ಸೆಕೆಂಡು ಒಳಗಿಂದ ತಗದದ್ದು.
ಕಿಟಕ್ಯಾಗ ಸಣ್ಣಾಗಕೋತ ಹೋಗೂ ಕೈ.
ಕೆಳಗ ಬರದಿವಿ: ಇದು ಡ್ರೈವರಂದು ತಪ್ಪಲ್ಲ,
ನೂರಾ ಮೂರು ಮಂದಿಗೆ ಒಂದು ಬಸ್ಸು, ಇನ್ನೊಂದು ಬಿಡ್ರಿ.
ನೋಡಿದವರು ಒಂಬೈನೂರು.
ಕೆಂಪ ಗೆರಿ ಎಳ್ಯಾಕ ಯಾರ ಮಾರೀನೂ ಇದ್ದಿಲ್ಲ ಅದರಾಗ.

ಅದನ್ನ ಹಿಡಕೊಂಡು ಡಿಪೋಕ್ಕ ಹೋದಿವಿ,
ದಿನದ ಲೆಕ್ಕ ಬರದ ನೋಟಬುಕ್ಕೂ ಒಯ್ದಿದ್ದಿವಿ.
ಸಾಹೇಬ್ರು ವಿಡಿಯೋ ನೋಡಲಿಲ್ಲ, ನೋಟಬುಕ್ಕು ನೋಡಿದ್ರು.
ಅಕ್ಷರ ಯಾರದವ್ವಾ, ಚಂದ ಅದಾವ, ಅಂದ್ರು.

ಯಮನೂರಪ್ಪ ತಿರುಗಿ ಬಂದಾನ.
ಎರಡನೇ ಬಸ್ಸು ಫೈಲಿನ್ಯಾಗ ಐತಿ.
ಕ್ರಾಸಿನ್ಯಾಗ ಈಗ ಬಸ್ಸು ನಿಂದರತೈತಿ,
ಬಾಗಿಲಾ ಅರ್ಧ ತೆರೀತೈತಿ,
ಅಂವ ನಮ್ಮ ಕಡೆ ನೋಡೂದಿಲ್ಲ,
ಮುಂದಿನ ಕನ್ನಡಿಗೆ ಹೇಳತಾನ:
ಒಬ್ಬಾಕಿಗೆ ಜಾಗಾ ಐತಿ.

ಪಾಳಿ ಹಚ್ಚೀವಿ.
ಇವತ್ತು ದಿನ ಎಪ್ಪತ್ತೊಂದು, ಪಾಳಿ ನಂದು.
ಮೆಟ್ಟಲಾ ಮ್ಯಾಲೆ ನಿಂತು ತಿರುಗಿ ನೋಡಿದ್ರ
ಮೂರು ಕೈ ಮ್ಯಾಲೆ ಅದಾವ,
ಒಂದರಾಗ ಫೋನು.